ಸಮುದ್ರವಿಲ್ಲದ ಊರಲ್ಲಿ ಉಪ್ಪುನೀರಿನ ಟ್ಯಾಂಕ್

ಹುಬ್ಬಳ್ಳಿಯಲ್ಲಿ ಮನೆಯೊಳಗೆ ಸಮುದ್ರದ ಮೀನು ಸಾಕುತ್ತೇನೆ ಅಂದರೆ ಜನ ಮೊದಲು ಕೇಳುವುದು ಮೀನಿನ ಬಗ್ಗೆ ಅಲ್ಲ, ನೀರಿನ ಬಗ್ಗೆ. "ಅಂಕೋಲಾ ಇಲ್ಲೇ ಐತಲ್ರೀ, ನಾಲ್ಕು ಕ್ಯಾನ್ ತುಂಬ್ಕೊಂಡು ಬಂದ್ರ ಮುಗೀತು" ಅಂತ ನಮ್ಮ ಓಣಿಯ ಕಾಕಾ ಒಬ್ಬರು ಈಗಲೂ ಹೇಳುತ್ತಾರೆ. ದಯವಿಟ್ಟು ತರಬೇಡಿ. ದಂಡೆಯ ನೀರಿನಲ್ಲಿ ದೋಣಿಯ ಡೀಸೆಲ್ ಇರುತ್ತದೆ, ಊರ ಚರಂಡಿ ಇರುತ್ತದೆ. ಮಳೆಗಾಲದಲ್ಲಂತೂ ಗಂಗಾವಳಿ ಕಡಲು ಸೇರುವ ಕಡೆ ಉಪ್ಪಿನ ಅಂಶವೇ ಇಳಿದಿರುತ್ತದೆ (ನಮ್ಮ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರೂ ಕೊನೆಗೆ ಅಲ್ಲಿಗೇ ಹೋಗುತ್ತದೆ). ಮನೆಯಲ್ಲೇ ನೀರು ಮಾಡಿಕೊಳ್ಳುವುದು ವಾಸಿ. ಅದಕ್ಕೂ ಮೊದಲು ಟ್ಯಾಂಕ್.

ಹೊಸದಕ್ಕೆ ದುಡ್ಡು ಜಾಸ್ತಿ, ಹಾಗಾಗಿ ಹೆಚ್ಚಿನವರು ಹಳೇ ಟ್ಯಾಂಕನ್ನೇ ತರುತ್ತಾರೆ. ತಪ್ಪೇನಿಲ್ಲ. ಆದರೆ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಇದರಲ್ಲಿ ಮೀನಿಗೆ ತಾಮ್ರದ ಔಷಧಿ ಹಾಕಿದ್ದಿರಾ? ಬಿಳಿ ಚುಕ್ಕೆ ರೋಗ ಬಂದಾಗ ತಾಮ್ರ ಬಳಸುವುದು ಮಾಮೂಲಿ. ಅದು ಕಲ್ಲು, ಮರಳು, ಸಿಲಿಕಾನ್ ಜಾಯಿಂಟಿನಲ್ಲಿ ಸೇರಿಕೊಂಡು ಆಮೇಲೆ ನಿಧಾನಕ್ಕೆ ನೀರಿಗೆ ಬಿಡುತ್ತದೆ. ಮೀನು ತಡೆದುಕೊಂಡೀತು, ಸೀಗಡಿ, ಬಸವನಹುಳ ತಡೆಯುವುದಿಲ್ಲ. "ಗೊತ್ತಿಲ್ಲ" ಅಂದರೆ ಗಾಜು ಮಾತ್ರ ತಗೊಳ್ಳಿ, ಅದರ ಕಲ್ಲು, ಮರಳು ಬೇಡ. ಆ ಟ್ಯಾಂಕಿನಲ್ಲಿ ಮೀನು ಮಾತ್ರ ಸಾಕಿದರೆ ಇನ್ನೂ ಒಳ್ಳೆಯದು.

ಇನ್ನು ತೊಳೆಯುವುದು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಪೌಡರ್ ಯಾವುದೂ ಹತ್ತಿರ ಬರಬಾರದು. ಎಷ್ಟೇ ತೊಳೆದರೂ ಜಾಯಿಂಟಿನಲ್ಲಿ ಸ್ವಲ್ಪ ಉಳಿಯುತ್ತದೆ, ಮೀನಿನ ಕಿವಿರಿಗೆ ಅಷ್ಟು ಸಾಕು. ಗಾಜಿನ ಮೇಲೆ ಗಟ್ಟಿಯಾದ ಬಿಳಿ ಕರೆ ಇರುತ್ತದಲ್ಲ, ಅದು ಬಹುಪಾಲು ಸುಣ್ಣವೇ, ನಮ್ಮ ಬೋರ್ ನೀರಿನ ಬಕೆಟ್‌ಗೆ ಕಟ್ಟುವಂಥದ್ದೇ. ಬಿಳಿ ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ಅದರ ಮೇಲೆ ಅಂಟಿಸಿ ಅರ್ಧ ಗಂಟೆ ಬಿಡಿ. ಸಣ್ಣಗೆ ಗುಳ್ಳೆ ಏಳುತ್ತದೆ, ಆಮೇಲೆ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದರೆ ಹಪ್ಪಳದಂತೆ ಎದ್ದು ಬರುತ್ತದೆ. ಸ್ಟೀಲ್ ಸ್ಕ್ರಬ್ಬರ್ ಹಾಕಿದರೆ ಗಾಜಿಗೆ ಗೀರು, ಅದು ಹೋಗುವುದಿಲ್ಲ.

ಪಾಚಿ, ರೋಗಾಣು ಇದ್ದೀತು ಅನ್ನಿಸಿದರೆ ಬ್ಲೀಚ್ ಬೇಕಾಗುತ್ತದೆ. ವಾಸನೆ, ಬಣ್ಣ ಸೇರಿಸದ ಸಾದಾ ಬ್ಲೀಚ್, ಹತ್ತು ಪಾಲು ನೀರಿಗೆ ಒಂದು ಪಾಲು. ಹತ್ತು ಹದಿನೈದು ನಿಮಿಷ ಸಾಕು. ಆಮೇಲೆ ನಾಲ್ಕಾರು ಸಲ ತೊಳೆದು, ಕ್ಲೋರಿನ್ ಕಳೆಯುವ ಹೈಪೋ ಹಾಕಿದ ನೀರು ತುಂಬಿಸಿ ಚೆಲ್ಲಿ, ವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಡಿ. ವಿನೆಗರ್ ಮತ್ತು ಬ್ಲೀಚ್ ಮಾತ್ರ ಯಾವ ಕಾರಣಕ್ಕೂ ಒಟ್ಟಿಗೆ ಸೇರಬಾರದು. ಎರಡೂ ಬೆರೆತರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಹುಡುಗಾಟವಲ್ಲ. ಒಂದನ್ನು ಚೆನ್ನಾಗಿ ತೊಳೆದ ಮೇಲೆಯೇ, ಸಾಧ್ಯವಾದರೆ ಬೇರೆ ದಿನವೇ, ಇನ್ನೊಂದು. ಕೈಗೆ ಗ್ಲೌಸ್ ಇರಲಿ, ಕೆಲಸ ಅಂಗಳದಲ್ಲಿ ಆಗಲಿ.

ಹಳೇ ಕಲ್ಲಿನ ಬಗ್ಗೆ ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕಲ್ಲಿನ ಮೇಲೆ ಗುಂಡಿಗಳ ಹಾಗೆ ಕಾಣುವ ಜೋವಾಂಥಿಡ್ ಜೀವಿಗಳಿದ್ದರೆ ಅದನ್ನು ಕುದಿಸಬೇಡಿ, ಬ್ರಷ್ ಹಾಕಿ ಉಜ್ಜಬೇಡಿ, ಜೋರಾಗಿ ನೀರು ಹೊಡೆಯಬೇಡಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಅನ್ನುವ ಕಠೋರ ವಿಷ ಇರುತ್ತದೆ. ಹೀಗೆ ಕಲ್ಲು ಕುದಿಸಿ, ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಜೀವಿಗಳಿಲ್ಲದ ಒಣ ಕಲ್ಲು ಕೊಂಡರೆ ಈ ರಗಳೆಯೇ ಇಲ್ಲ.

ತೊಳೆದ ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಹಾಕಿ, ಸಮತಟ್ಟಾದ ಜಾಗದಲ್ಲಿ ಸಾದಾ ನೀರು ತುಂಬಿಸಿ ಒಂದು ದಿನ ಬಿಡಿ. ಸೋರುವುದಾದರೆ ಅಂಗಳದಲ್ಲೇ ಸೋರಲಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಹತ್ತಿರ ಹತ್ತಿರ 190 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು ಸೇರಿದರೆ ಕಾಲು ಟನ್ ಆಗುತ್ತದೆ. ಧಾರವಾಡದ ಹಳೇ ಮನೆಗಳ ಮರದ ಅಟ್ಟದ ಮೇಲೆ ಇಡುವ ಆಸೆ ಇದ್ದವರು ಇಲ್ಲೇ ಬಿಡಿ.

ಈಗ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಬೇಡದ್ದೆಲ್ಲ. ಆರ್‌ಒ ನೀರೇ ಬೇಕು, ಆದರೆ ಅಡುಗೆಮನೆಯ ಆರ್‌ಒ ಮಷೀನುಗಳಲ್ಲಿ ರುಚಿಗೆ ಅಂತ ಮಿನರಲ್ ಕಾರ್ಟ್ರಿಡ್ಜ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಹೊಂದಿಸುವ ತಿರುಪು ಇರುತ್ತದೆ, ಅದು ತೆಗೆದದ್ದನ್ನೇ ಸ್ವಲ್ಪ ವಾಪಸ್ ಬೆರೆಸುತ್ತದೆ. ಓಣಿಯ ಶುದ್ಧ ನೀರಿನ ಘಟಕದ ಕ್ಯಾನೂ ಅಷ್ಟೇ, ಕುಡಿಯಲು ಚೆನ್ನ. ಟಿಡಿಎಸ್ ಪೆನ್ ತಗೊಂಡು ಅಳೆಯಿರಿ, ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಕೊನೆಯಲ್ಲಿ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಫಿಲ್ಟರ್ ಸೇರಿಸಿ.

ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಲ್ಲಿ ಬರೀ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತದೆ, ಅದಕ್ಕೇ ಮರೀನ್ ಸಾಲ್ಟ್ ಬೇರೆ ಸಿಗುತ್ತದೆ. ಡ್ರಮ್‌ನಲ್ಲಿ ಮೊದಲು ನೀರು, ಪಂಪ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ಉಪ್ಪು. ತಿರುವುಮುರುವು ಮಾಡಿದರೆ ತಳದಲ್ಲಿ ಸುಣ್ಣ ಕೂತು ನೀರು ಹಾಲು ಹಾಲಾಗುತ್ತದೆ. ಲೀಟರಿಗೆ ಸುಮಾರು 35 ರಿಂದ 38 ಗ್ರಾಂ. ಒಂದು ದಿನ ತಿರುಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರುವಂತೆ ನೋಡಿಕೊಳ್ಳಿ. ಟ್ಯಾಂಕಿನಲ್ಲಿ ಮೀನು ಇರುವಾಗ ನೇರ ಅದರೊಳಗೇ ಉಪ್ಪು ಸುರಿಯುವುದು ಬೇಡ.

ಕಲ್ಲನ್ನು ಮೊದಲು ಗಾಜಿನ ಮೇಲೆ ಅಲ್ಲಾಡದಂತೆ ಕೂರಿಸಿ, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಕೆಳಗೆ ತೋಡಿ ಬೀಳಿಸುತ್ತದೆ. ಪ್ಲಗ್ಗಿಗೆ ಹೋಗುವ ವೈರು ಕೆಳಗೆ ಒಂದು ಸುತ್ತು ಇಳಿದು ಮತ್ತೆ ಮೇಲೇರಲಿ, ಜಾರಿ ಬಂದ ನೀರು ಅಲ್ಲೇ ತೊಟ್ಟಿಕ್ಕಲಿ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಹಾಗಾಗಿ ಆ ಲೈನಿಗೆ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಎರಡೂ ಬೇಕೇ ಬೇಕು. ಕೈ ಹಾಕುವ ಮೊದಲು ಸ್ವಿಚ್ ಆರಿಸುವುದಲ್ಲ, ಪ್ಲಗ್ಗೇ ಕೀಳಿ. ಬಾಯಿಂದ ಪೈಪ್ ಎಳೆಯುವ ಚಾಳಿ ಬಿಡಿ, ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ.

ಆಮೇಲೆ ಸುಮ್ನೆ ಕಾಯುವುದು. ಮೀನಿನ ಮಲ, ಕೊಳೆತ ಆಹಾರದಿಂದ ಬರುವ ವಿಷಕಾರಿ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವಷ್ಟು ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಏರಿ ಮತ್ತೆ ಸೊನ್ನೆಗೆ ಬರುವವರೆಗೆ ಮೀನು ತರಬೇಡಿ. ಅಂಗಡಿಯವರು ಮೀನೂ ಇವತ್ತೇ ಒಯ್ಯಿರಿ ಅನ್ನಬಹುದು, ಅವರ ವ್ಯಾಪಾರ ಅವರದು.

ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನೀರು ಬೇಗ ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಗಾಜಿಗೆ ಟೇಪ್ ಅಂಟಿಸಿ ಗುರುತು ಮಾಡಿ, ಕಡಿಮೆಯಾದಷ್ಟು ಬರೀ ಆರ್‌ಒ ನೀರು ಹಾಕಿ. ಮೇಲೊಂದು ಸಣ್ಣ ಫ್ಯಾನ್ ಇದ್ದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಸಂಜೆ ಸೊಳ್ಳೆ ಬಂತು ಅಂತ ಆ ಕೋಣೆಯಲ್ಲಿ ಸ್ಪ್ರೇ ಹೊಡೆಯಬೇಡಿ, ಅದರಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ವಿಷ. ಕಿಟಕಿಗೆ ಜಾಲರಿ ಹಾಕಿಸಿ. ಬದಲಾಯಿಸಿದ ಉಪ್ಪುನೀರನ್ನು ತುಳಸಿ ಕಟ್ಟೆಗೆ, ತೆಂಗಿನ ಬುಡಕ್ಕೆ ಸುರಿಯದಂತೆ ಮನೆಯವರಿಗೂ ಹೇಳಿಡಿ.

ಮೊದಲ ಮೀನಿಗೆ ಕ್ಲೌನ್ ಮೀನಿನ ಜೋಡಿ ಒಳ್ಳೆಯದು. ಸಮುದ್ರದಿಂದ ಹಿಡಿದದ್ದು ಬೇಡ, ಸಾಕಣೆಯಲ್ಲೇ ಹುಟ್ಟಿದ್ದು ಕೇಳಿ, ನಮ್ಮ ದೇಶದಲ್ಲೂ ಮರಿ ಮಾಡಿಸುತ್ತಾರೆ. ಗೋಕರ್ಣಕ್ಕೆ ಹೋದಾಗ ಯಾರಾದರೂ ಜೀವಂತ ಹವಳವೋ ಕಡಲಕುದುರೆಯೋ ತೋರಿಸಿ ಅಗ್ಗಕ್ಕೆ ಕೊಡ್ತೀನಿ ಅಂದರೆ ಮುಟ್ಟಲೂ ಹೋಗಬೇಡಿ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹುಲಿಯನ್ನು ಕಾಯುವ ಕಾಯ್ದೆಯೇ ಅದು.