ಎಡಗಾಲಿಗೆ ಹನ್ನೆರಡು ಎಂ.ಎಂ.

ಬಲಮಂಡಿ ಬದಲಿಸುವ ಆಪರೇಷನ್ ಆಗಿ ಏಳನೇ ವಾರ. ವಾಕರ್ ಬಿಟ್ಟು ಕೋಲಿಗೆ ಬಂದಿದ್ದೆ. ಅಷ್ಟು ದಿನ ನೈಟಿಯಲ್ಲೇ ಇದ್ದವಳು ಅವತ್ತು ಸೀರೆ ಉಟ್ಟೆ. ನೆರಿಗೆ ಸರಿ ಮಾಡಲು ಕೂತ ಸೊಸೆ, “ಅತ್ತೆ, ಎಡಗಡೆ ನೆಲ ಗುಡಿಸ್ತಿದೆ, ಬಲಗಡೆ ಪಾದ ಕಾಣ್ತಿದೆ” ಅಂದಳು. ಬಿಚ್ಚಿ ಮತ್ತೆ ಉಟ್ಟರೂ ಹಾಗೇ. ಮೂರನೇ ಸಲ ಅವಳು ನನ್ನ ಸೊಂಟದ ಎರಡೂ ಕಡೆ ಕೈಯಿಟ್ಟು ನೋಡಿ ಸುಮ್ಮನಾದಳು. ಓರೆಯಾಗಿದ್ದದ್ದು ನನ್ನ ಸೊಂಟ.

ಅನುಮಾನ ನನಗೆ ಮೊದಲೇ ಇತ್ತು. ನಡೆಯುವಾಗ ಬಲಗಾಲಿಗೆ ನೆಲ ಬೇಗ ಸಿಗುತ್ತಿತ್ತು, ಎಡಗಾಲು ಪ್ರತಿ ಹೆಜ್ಜೆಗೂ ಸಣ್ಣ ಗುಂಡಿಗೆ ಇಳಿಯುತ್ತಿತ್ತು. ಸಂಜೆ ಹೊತ್ತಿಗೆ ಬೆನ್ನಿನ ಕೆಳಗೆ ಸೆಳೆತ. ಡಾಕ್ಟರಿಗೆ ಹೇಳಿದಾಗ “ಅಭ್ಯಾಸ ಆಗುತ್ತೆ ಬಿಡೀಮ್ಮ” ಅಂದು ಮುಂದಿನವರನ್ನು ಕರೆದರು. ಆ ಮಾತಿನಲ್ಲಿ ಅರ್ಧ ನಿಜವಿತ್ತು ಅಂತ ಆಮೇಲೆ ಗೊತ್ತಾಯಿತು. ಆದರೆ ಹೀಗಾಗಬಹುದು ಅಂತ ಆಪರೇಷನ್ನಿಗೆ ಮೊದಲೇ ಒಂದು ಮಾತು ಹೇಳಬೇಕಿತ್ತು. ಏಳು ವಾರ ನಾನು ಒಳಗೆ ಏನೋ ತಪ್ಪಾಗಿದೆ ಅಂತ ಹೆದರಿಕೊಂಡೇ ಮಲಗಿದ್ದೇನೆ.

ಬಿಡಿಸಿ ಹೇಳಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ. ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತು ಪಾಠ ಮಾಡಿದ ಕಾಲುಗಳಿವು. ಎರಡು ಮಂಡಿಯೂ ಸವೆದು ಬಿಲ್ಲಿನ ಹಾಗೆ ಹೊರಗೆ ಬಾಗಿದ್ದವು. ಈಗ ಬಲಗಾಲು ನೆಟ್ಟಗಾಗಿದೆ. ಬಾಗಿದ ಬೆತ್ತವನ್ನು ನೆಟ್ಟಗೆ ಮಾಡಿದರೆ ತುದಿ ಮೇಲೇಳುವುದಿಲ್ಲವೇ, ಹಾಗೆ. ಎಡಗಾಲು ಇನ್ನೂ ಬಾಗಿಯೇ ಇದೆ, ಸಾಲದ್ದಕ್ಕೆ ಮಂಡಿ ಪೂರ್ತಿ ಚಾಚಿಕೊಳ್ಳುವುದೂ ಇಲ್ಲ. ಅದರಿಂದ ಅದು ಮತ್ತಷ್ಟು ಗಿಡ್ಡ. ಇದರ ಮೇಲೆ ವರ್ಷಗಟ್ಟಲೆ ಕುಂಟಿ ನಡೆದು ಸೊಂಟದ ಸ್ನಾಯುಗಳೂ ಒಂದು ಕಡೆಗೆ ಎಳೆದುಕೊಂಡಿರುತ್ತವಂತೆ. ಆ ಪಾಲು ವ್ಯಾಯಾಮದಿಂದ ಮೂರರಿಂದ ಆರು ತಿಂಗಳಲ್ಲಿ ಕರಗಬಹುದು, ಮೂಳೆಯ ಅಳತೆಯಲ್ಲಿರುವ ಪಾಲು ಕರಗುವುದಿಲ್ಲ.

ಅವಳು ಬ್ಯಾಗಿನಿಂದ 6 ಎಂ.ಎಂ. ಪ್ಲೈವುಡ್ ತುಂಡುಗಳನ್ನು ತೆಗೆದು ನನ್ನ ಎಡಪಾದದ ಕೆಳಗೆ ಒಂದೊಂದಾಗಿ ಇಟ್ಟಳು. ಎರಡನೆಯದಕ್ಕೆ ಸೊಂಟದ ಎರಡೂ ಮೂಳೆ ಒಂದೇ ಮಟ್ಟಕ್ಕೆ ಬಂದವು. ಆ ಕ್ಷಣ ನನ್ನ ಬೆನ್ನು ಬಿಟ್ಟ ಉಸಿರನ್ನು ಹೇಗೆ ಹೇಳಲಿ! ಎಷ್ಟೋ ದಿನದ ಮೇಲೆ ಎರಡು ಕಾಲಿನ ಮೇಲೂ ನಿಂತಿದ್ದೆ. ಆದರೂ ಒಂದೇ ಸಲಕ್ಕೆ ಹನ್ನೆರಡೂ ಎತ್ತರಿಸಬೇಡಿ ಆಂಟಿ, ಮೊದಲು ಆರರಲ್ಲೇ ನಡೆಯಿರಿ, ಮೈ ಒಪ್ಪಿಕೊಂಡ ಮೇಲೆ ನೋಡೋಣ ಅಂದಳು.

ಅಗ್ರಹಾರದ ಕಡೆ ಮರದ ಕೆಳಗೆ ಕೂರುವ ಚಪ್ಪಲಿ ರಿಪೇರಿಯವರ ಹತ್ತಿರ ಹೋದೆವು. ಹಳೇ ಜೋಡಿಯನ್ನು ತಿರುಗಿಸಿ, ಎಡಗಡೆ ಹಿಮ್ಮಡಿಯ ಹೊರ ಅಂಚು ಸವೆದಿದ್ದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. “ಹಿಮ್ಮಡಿಗೆ ಮಾತ್ರ ಹಾಕಿದ್ರೆ ಮುಂದಕ್ಕೆ ನೂಕುತ್ತಮ್ಮ, ಅಟ್ಟೆಗೆ ಪೂರ್ತಿ ಹಾಕ್ತೀನಿ” ಅಂದು ಎಂ.ಸಿ.ಆರ್. ಅನ್ನುವ ಮೆತ್ತನೆಯ ರಬ್ಬರಿನ ಹಾಳೆ ಕತ್ತರಿಸಿ ಅಂಟಿಸಿದರು. ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನೇ ತನ್ನಿ, ಹವಾಯಿ ಬೇಡ, ಜಾರುತ್ತದೆ ಅಂತಲೂ ಅವರೇ ಹೇಳಿದ್ದು.

ಹೊರಗೆ ಸರಿಹೋಯಿತು. ನನ್ನ ದಿನ ಕಳೆಯುವುದು ಮನೆಯೊಳಗೆ. ಬೂಟು ಹಾಕಿಕೊಂಡೇ ಇರುವವರಿಗೆ ಈ ಸಲಹೆ ಸಾಕು. ನಾವು ಹೊಸಿಲಿನಾಚೆಯೇ ಚಪ್ಪಲಿ ಬಿಟ್ಟು ಬರುವವರು. ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಲು ನನಗೆ ಮನಸ್ಸು ಬರಲಿಲ್ಲ. ಎರಡು ವಾರ ಬರಿಗಾಲಲ್ಲೇ ಇದ್ದು ಬೆನ್ನುನೋವು ತಿರುಗಿ ಬಂದ ಮೇಲೆ ಇವರೇ ಹೊಸ ಜೋಡಿ ತಂದು, “ಇದು ಬೀದಿ ಕಾಣದ ಚಪ್ಪಲಿ, ಔಷಧಿ ಅಂದ್ಕೋ” ಅಂದರು. ಅದಕ್ಕೂ ರಬ್ಬರ್ ಹಾಕಿಸಿದೆ. ದೇವರ ಮನೆಗೆ ಮಾತ್ರ ಬಿಟ್ಟು ಹೋಗುತ್ತೇನೆ, ಅಲ್ಲಿ ಕುರ್ಚಿಯಲ್ಲಿ ಕೂತೇ ಪೂಜೆ. ಪ್ಲೈವುಡ್ ತುಂಡನ್ನು ಒಲೆಯ ಮುಂದೆ ಇಟ್ಟುಕೊಳ್ಳಲೇ ಅಂತ ಕೇಳಿದ್ದೆ. ಎಡವಿ ಬಿದ್ದರೆ ಹೊಸ ಮಂಡಿಯ ಗತಿಯೇನು ಅಂತ ಆ ಹುಡುಗಿ ಗದರಿದಳು.

ವ್ಯಾಯಾಮ ತಪ್ಪಿಸಿಲ್ಲ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ಎರಡೂ ಕಾಲಿಗೆ. ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು. ಸೊಂಟ ಬೀಳದ ಹಾಗೆ ಹಿಡಿಯುವ ಸ್ನಾಯುವಿಗೆ ಅದು ಬೇಕು. ಐದನೇ ತಿಂಗಳಲ್ಲಿ ಮತ್ತೆ ಅಳೆದಾಗ ಎಂಟು ಎಂ.ಎಂ.ಗೆ ಸೊಂಟ ಮಟ್ಟವಾಯಿತು. ಹನ್ನೆರಡಕ್ಕೆ ಏರಿಸುವ ಅಗತ್ಯವೇ ಬರಲಿಲ್ಲ, ಆರರಲ್ಲೇ ಆರಾಮಾಗಿದ್ದೇನೆ.

ದೀಪಾವಳಿ ಕಳೆದ ಮೇಲೆ ಎಡಮಂಡಿಯದೂ ಆಗಬೇಕು. ಈ ಸಲ ನಿಲ್ಲಿಸಿ ತೆಗೆದ ಪೂರ್ತಿ ಕಾಲಿನ ಎಕ್ಸ್‌ರೇ ಮುಂದಿಟ್ಟು, ಆಮೇಲೆ ಎರಡೂ ಕಾಲಿನ ಅಳತೆ ಎಷ್ಟು ಬರಬಹುದು ಅಂತ ಕೇಳಿಯೇ ಸಹಿ ಹಾಕುತ್ತೇನೆ. ಚೀಟಿಯಲ್ಲಿ ಪ್ರಶ್ನೆ ಬರೆದಿಟ್ಟುಕೊಂಡಾಗಿದೆ. ಚಪ್ಪಲಿಯವರಿಗೂ ಹೇಳಿ ಬಂದೆ. “ಯೋಚನೆ ಬೇಡಮ್ಮ, ಹೊಲಿದಿಲ್ಲ, ಅಂಟಿಸಿರೋದು ಅಷ್ಟೇ. ಕಾಲು ಸರಿಹೋದ ದಿನ ತನ್ನಿ, ಕಿತ್ತುಕೊಡ್ತೀನಿ” ಅಂದರು.