ತಟ್ಟೆ ಎತ್ತಿದಾಗ ಸಿಕ್ಕಿದ್ದು

ನಕ್ಷೆ ಬರೆಯುವ ಕೆಲಸದಲ್ಲಿದ್ದ ಹಿರಿಯರೊಬ್ಬರು ತಮ್ಮ ಸಲಕರಣೆ ಪೆಟ್ಟಿಗೆಯನ್ನು ನನಗೆ ಕೊಟ್ಟಿದ್ದರು. ಅವರಿಗೂ ಅದು ಯಾರಿಂದಲೋ ಬಂದದ್ದು. ಬೀಟೆ ಮರದ್ದು, ಮೂಲೆಗಳಿಗೆ ಹಿತ್ತಾಳೆ ಕಟ್ಟು. ಒಂದು ಭಾನುವಾರ ಅದನ್ನು ಬಿಚ್ಚಿಕೊಂಡು ಕೂತೆ.

ಒಳಗೆ ನೀಲಿ ಮಖಮಲ್ಲು. ಒಂದೊಂದಕ್ಕೂ ಅದರದೇ ಆಕಾರದ ಗೂಡು. ಕಂಪಾಸನ್ನು ಹಾಗೇ ಇಟ್ಟರೆ ಮುಚ್ಚಳ ಕೂರುವುದಿಲ್ಲ, ಇಂಕಿನ ಕಾಲು ಬೇರೆ, ಪೆನ್ಸಿಲ್ ಕಾಲು ಬೇರೆ, ದೊಡ್ಡ ವೃತ್ತಕ್ಕೆ ಬೇಕಾಗುವ ಉದ್ದನೆಯ ಕಡ್ಡಿ ಬೇರೆ ಮಾಡಿ ಅವವುಗಳ ಜಾಗದಲ್ಲೇ ಮಲಗಿಸಬೇಕು.

ಮೊದಲೇ ಒಂದು ತಪ್ಪು ಮಾಡಿಬಿಟ್ಟೆ. ಡಿವೈಡರ್ ಮಂಕಾಗಿದೆ ಅಂತ ಲೋಹದ ಪಾಲಿಶ್ ಹಾಕಿ ಉಜ್ಜಿದೆ. ಎರಡೇ ನಿಮಿಷದಲ್ಲಿ ಬಂಗಾರದ ಬಣ್ಣ ಹೋಗಿ ಬರೀ ಹಳದಿ ಹಿತ್ತಾಳೆ ಉಳಿಯಿತು. ನಾನು ಕೊಳೆ ಅಂದುಕೊಂಡದ್ದು ಅರಗಿನ ಮೆರುಗು. ಹಿತ್ತಾಳೆಯನ್ನು ಬಿಸಿ ಮಾಡಿ ಕುಂಚದಲ್ಲಿ ಬಳಿಯುತ್ತಿದ್ದರು ಅದನ್ನು. ತುಂಬಾ ಸಂಕಟವಾಯಿತು. ಉಳಿದವನ್ನು ಒಣ ಬಟ್ಟೆಯಲ್ಲಿ ಸುಮ್ನೆ ಒರೆಸಿದೆ, ಅಷ್ಟೇ.

ಆಮೇಲೆ ರೂಲಿಂಗ್ ಪೆನ್. ಎರಡು ಉಕ್ಕಿನ ಎಲೆ, ನಡುವೆ ಒಂದು ತಿರುಪು. ತಿರುಪು ಬಿಗಿದಷ್ಟೂ ಗೆರೆ ಸಣ್ಣ. ಇದನ್ನು ಇಂಕಿನಲ್ಲಿ ಅದ್ದಬಾರದು, ಎಲೆಗಳ ಸಂದಿಗೆ ತೊಟ್ಟು ಬಿಡಬೇಕು. ಹೊರಮೈಗೆ ಚೂರು ಇಂಕು ತಾಗಿದರೂ ಸ್ಕೇಲಿನ ಅಡಿಗೆ ಹರಿದು ಕಾಗದ ಕೆಡುತ್ತದೆ, ನನಗೆ ಮೂರು ಸಲ ಹಾಗೇ ಆಯಿತು. ನಾಲ್ಕನೆಯದು ಕೂದಲಿನಂಥ ಗೆರೆ! ಶುರುವಿನಿಂದ ಕೊನೆವರೆಗೂ ಒಂದೇ ದಪ್ಪ.

ಮೇಲಿನ ತಟ್ಟೆ ಎತ್ತಿದೆ. ಕೆಳಗೆ ದಂತದ ಸೆಕ್ಟರ್ ಇತ್ತು, ಒಂದು ತುದಿಯಲ್ಲಿ ಕೀಲು ಹಾಕಿದ ಎರಡು ಪಟ್ಟಿ. ಗೆಲಿಲಿಯೋ 1606ರಲ್ಲಿ ಇಟಲಿಯ ಪಡುವಾದಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದು ಇದೇ ಜಾತಿಯ ಸಾಧನ ಬಳಸುವುದು ಹೇಗೆ ಅಂತ. ಎರಡೂ ಪಟ್ಟಿಗಳ ಮೇಲೆ ಕೀಲಿನಿಂದ ಹೊರಟ ಗೆರೆ, ಅದರ ಮೇಲೆ 1ರಿಂದ 10ರವರೆಗೆ ಅಂಕಿ. ಒಂದು ಗೆರೆಯನ್ನು ಏಳು ಸಮಭಾಗ ಮಾಡಬೇಕು ಅನ್ನಿ. ಡಿವೈಡರಿನಲ್ಲಿ ಆ ಗೆರೆಯ ಉದ್ದ ಹಿಡಿದು, ಎರಡು 7ಗಳ ನಡುವೆ ಅಷ್ಟೇ ಅಂತರ ಬರುವ ಹಾಗೆ ಸೆಕ್ಟರ್ ಬಿಡಿಸಬೇಕು. ಆಗ ಎರಡು 1ಗಳ ನಡುವಿನ ಅಂತರವೇ ಏಳನೇ ಒಂದು ಭಾಗ. ಸಮರೂಪ ತ್ರಿಕೋನ, ಶಾಲೆಯಲ್ಲಿ ಓದಿದ್ದೇ ಅಲ್ವಾ? ಆದರೆ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಈಗಷ್ಟೇ ಎಳೆದ ಗೆರೆಯನ್ನೇ ತೆಗೆದುಕೊಂಡೆ. ಮೆರುಗು ಕಳೆದುಕೊಂಡ ಆ ಡಿವೈಡರಿನಲ್ಲೇ 1ರ ಅಂತರ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಹೋದೆ. ಏಳನೇ ಹೆಜ್ಜೆಯ ಮೊನೆ ಗೆರೆಯ ತುದಿಯ ಮೇಲೇ ಕೂತಿತು.