ಬ್ರಿಸ್ಬೇನ್ ಹೊಳೆಯಲ್ಲಿ ಅರ್ಧ ಡಾಲರಿನ ಬೋಟು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಮಕ್ಕಳ ಮನೆಗೆಂದು ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಬರುವ ಹಿರಿಯರಿಗೆ ಮೊದಲ ವಾರವೇ ಯಾರಾದರೂ ಹೊಳೆಯ ಮೇಲಿನ ದುಬಾರಿ ಕ್ರೂಸ್ ಟಿಕೀಟು ತೆಗೆಸಲು ನೋಡುತ್ತಾರೆ. ಅವಸರ ಬೇಡ. ಅದೇ ಹೊಳೆಯಲ್ಲಿ ಸಿಟಿಕ್ಯಾಟ್ ಎಂಬ ಸರ್ವಿಸ್ ಬೋಟು 1996ರಿಂದ ಓಡುತ್ತಿದೆ. ಎಷ್ಟು ದೂರ ಹೋದರೂ 50 ಸೆಂಟು, ನಮ್ಮ ಲೆಕ್ಕದಲ್ಲಿ ಸುಮಾರು 30 ರೂಪಾಯಿ. 2024ರ ಆಗಸ್ಟಿನಿಂದ ಬಸ್ಸು, ರೈಲು, ಬೋಟು ಎಲ್ಲಕ್ಕೂ ಇದೇ ದರ. ವಿಮಾನ ನಿಲ್ದಾಣದ ರೈಲು ಮಾತ್ರ ಇದರಲ್ಲಿ ಸೇರಿಲ್ಲ. ಅದರ ದರ ಕೇಳಿ ಬೆಚ್ಚಿದವರು ಬೋಟಿಗೂ ಅಷ್ಟೇ ಇರಬೇಕು ಎಂದುಕೊಂಡು ಮನೆಯಲ್ಲೇ ಕೂರುತ್ತಾರೆ.

ದುಡ್ಡು ಕೊಡುವುದಕ್ಕೆ ಗೋ ಕಾರ್ಡ್ ಎಂಬ ಪ್ರಯಾಣದ ಕಾರ್ಡು ತೆಗೆದುಕೊಳ್ಳುವುದು ಸುಲಭ. ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಸಿಗುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ಇದ್ದರೂ ನಡೆಯುತ್ತದೆ. ಆದರೆ ಭಾರತದ ಬ್ಯಾಂಕಿನ ಕಾರ್ಡಾದರೆ ಹೊರದೇಶದ ಬಳಕೆ ಮತ್ತು ಟ್ಯಾಪ್ ಪಾವತಿ, ಎರಡನ್ನೂ ಊರು ಬಿಡುವ ಮುಂಚೆಯೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಸಿಕೊಳ್ಳಬೇಕು. ಇಲ್ಲಿಗೆ ಬಂದಮೇಲೆ ಓಟಿಪಿ ಬರುವ ಸಿಮ್ ಸತ್ತಿದ್ದರೆ ಆ ಕೆಲಸ ಆಗುವುದಿಲ್ಲ. ರುಪೇ ಕಾರ್ಡ್ ನಂಬಿಕೊಳ್ಳಬೇಡಿ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಕಾರ್ಡ್ ತೋರಿಸಬೇಕು. ಹತ್ತುವಾಗ ಪ್ಲಾಸ್ಟಿಕ್ ಕಾರ್ಡು, ಇಳಿಯುವಾಗ ಮೊಬೈಲು ಎಂದು ಬದಲಿಸಿದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಒಬ್ಬರ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಲು ಬರುವುದಿಲ್ಲ.

ಒಂದು ತುದಿಯಲ್ಲಿ ಸೇಂಟ್ ಲೂಸಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ, ಇನ್ನೊಂದು ತುದಿಯಲ್ಲಿ ನಾರ್ತ್‌ಶೋರ್ ಹ್ಯಾಮಿಲ್ಟನ್. ಪೂರ್ತಿ ಹೋದರೆ ಒಂದೂಕಾಲರಿಂದ ಒಂದೂವರೆ ತಾಸು. ಹಗಲಲ್ಲಿ ಸುಮಾರು ಕಾಲು ತಾಸಿಗೊಂದು ಬೋಟು. ಎರಡೂ ದಿಕ್ಕಿನ ಬೋಟು ಒಂದೇ ಕಟ್ಟೆಗೆ ಬರುವುದರಿಂದ ಹೊಸಬರು ಉಲ್ಟಾ ಹತ್ತುವುದು ಸಾಮಾನ್ಯ. ಬೋಟಿನ ಮುಂದಿರುವ ಕೊನೆ ಸ್ಟಾಪಿನ ಹೆಸರು ಓದಿಯೇ ಹತ್ತಿ.

ದಿನಾ ಕೆಲಸಕ್ಕೆ, ಕಾಲೇಜಿಗೆ ಬೋಟು ಹಿಡಿಯುವುದು ಜಾಣತನವೋ ಅಲ್ಲವೋ ಎಂಬುದು ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹೊಳೆ ಊರೊಳಗೆ ಹಾವಿನಂತೆ ಸುತ್ತಿಕೊಂಡಿರುವುದರಿಂದ ಬುಲಿಂಬಾದಿಂದ ಎದುರು ದಡದ ಟೆನೆರಿಫ್‌ಗೆ ಬೋಟಿನಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಾದರೆ ಸ್ಟೋರಿ ಬ್ರಿಡ್ಜ್ ಸುತ್ತಿ ಬರಬೇಕು. ಅದೇ ವಿಶ್ವವಿದ್ಯಾಲಯದಿಂದ ನಗರದ ನಡುವಿಗೆ ಹೋಗಲು ಬಸ್ಸೇ ಬೇಗ, ಏಕೆಂದರೆ ಬೋಟು ಹೊಳೆಯ ತಿರುವುಗಳನ್ನೆಲ್ಲ ಸುತ್ತಿಕೊಂಡೇ ಹೋಗಬೇಕು. ಓದಲು ಬರುವ ಹುಡುಗರು ‘ಕ್ಯಾಂಪಸ್ಸಿಗೆ ನೇರ ಬೋಟಿದೆ’ ಎಂಬ ಒಂದೇ ಮಾತಿಗೆ ದೂರದ ಸ್ಟಾಪಿನ ಬಳಿ ರೂಮು ಹಿಡಿಯದಿರಲಿ. ಸೈಕಲ್ಲನ್ನು ಬೋಟಿನೊಳಗೆ ಒಯ್ಯಬಹುದು, ಅದಕ್ಕೆ ಬೇರೆ ದುಡ್ಡಿಲ್ಲ.

ಊರು ನೋಡುವುದಕ್ಕಾದರೆ ವಾರದ ನಡುವಿನ ದಿನ, ಮುಂಜಾನೆ ಹತ್ತರ ನಂತರ ಹೊರಡಿ. ಶನಿವಾರ ಭಾನುವಾರ ಮುಂದಿನ ತೆರೆದ ಡೆಕ್ಕಿನಲ್ಲಿ ಜಾಗ ಸಿಗುವುದು ಕಷ್ಟ. ಸೌತ್ ಬ್ಯಾಂಕ್‌ನಲ್ಲಿ ಹತ್ತಿ. 1988ರ ಎಕ್ಸ್‌ಪೋ ನಡೆದ ಜಾಗವೇ ಈಗ ಉದ್ಯಾನ. ಅಲ್ಲಿಂದ ಕೆಳಗೆ ಹೋದಂತೆ ಬಲಕ್ಕೆ ಕಾಂಗರೂ ಪಾಯಿಂಟಿನ ಬಂಡೆಗಳು, ಆಮೇಲೆ ತಲೆಯ ಮೇಲೆ 1940ರ ಸ್ಟೋರಿ ಬ್ರಿಡ್ಜ್. ನ್ಯೂ ಫಾರ್ಮ್ ಪಾರ್ಕ್‌ನಲ್ಲಿ ಇಳಿದು ದೊಡ್ಡ ಮರಗಳ ಕೆಳಗೆ ರೊಟ್ಟಿ ಬುತ್ತಿ ಬಿಚ್ಚುವುದು ನಮ್ಮ ಸಲಹೆ. ಗಾಳಿ ಜೋರು, ಟೋಪಿ ಹಾರುತ್ತದೆ. ಜೂನ್, ಜುಲೈನಲ್ಲಿ ಸ್ವೆಟರ್ ಬೇಕು. ಕೋಲಾ ಪ್ರಾಣಿ ನೋಡುವ ಲೋನ್ ಪೈನ್‌ಗೆ ಸಿಟಿಕ್ಯಾಟ್ ಹೋಗುವುದಿಲ್ಲ, ಅದಕ್ಕೆ ಬಸ್ಸು.

ಮೊಣಕಾಲು ನೋವಿದ್ದವರು ಗಮನಿಸಬೇಕಾದ್ದು ಭರತ ಇಳಿತ. ಸಮುದ್ರದ ನೀರು ಇಲ್ಲಿಯತನಕ ಏರಿ ಇಳಿಯುತ್ತದೆ. ತೇಲುವ ಕಟ್ಟೆಯೂ ಅದರ ಜೊತೆ ಏರಿಳಿಯುವುದರಿಂದ ಇಳಿತದ ಹೊತ್ತಿಗೆ ದಡದಿಂದ ಕಟ್ಟೆಗೆ ಇಳಿಯುವ ದಾರಿ ಕಡಿದಾಗುತ್ತದೆ. ಅದೇ ದಿನ ಆರು ತಾಸು ಬಿಟ್ಟು ಹೋದರೆ ಬಹುತೇಕ ಸಮ. ಗಾಲಿಕುರ್ಚಿಯವರು ಮೊದಲು ಭರತದ ವೇಳೆ ನೋಡಿಕೊಂಡು ಹೊರಡುವುದು ಒಳಿತು. ನೀರು ಕೆಂಚಗೆ ಶಾಂತವಾಗಿ ಕಂಡರೂ ಈಜುವ ಆಸೆ ಬೇಡ; ಅದರಲ್ಲಿ ಬುಲ್ ಶಾರ್ಕ್‌ಗಳಿವೆ.

ಕೊಯ್ನಾದಿಂದ ನೀರು ಬಿಟ್ಟರೆ ಚಿಕ್ಕೋಡಿ ಕಡೆಯ ಸೇತುವೆಗಳು ಮುಳುಗುವುದನ್ನು ಕಂಡವರಿಗೆ ಇಲ್ಲಿಯ ಮಳೆಗಾಲ ಹೊಸದೆನಿಸದು. ಇಲ್ಲಿ ಅದು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹೊಳೆಯ ಮೇಲ್ಭಾಗದಲ್ಲಿ ವಿವೆನ್‌ಹೋ ಅಣೆಕಟ್ಟು. 2011ರ ಜನವರಿಯ ನೆರೆಯಲ್ಲಿ ಬೋಟು ನಿಲ್ಲುವ ಹಲವು ಕಟ್ಟೆಗಳು ಕಿತ್ತುಹೋದವು. ಆಮೇಲೆ ಕಟ್ಟಿದ ಹೊಸ ಕಟ್ಟೆಗಳಲ್ಲಿ ನಡೆದಾರಿಯ ಒಂದು ತುದಿ ತಾನೇ ಕಳಚಿ, ನೀರಿನ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ತೇಲಿ ಬಂದ ಮರದ ಬೊಡ್ಡೆಗಳು ಬಡಿಯದಂತೆ ಪಕ್ಕಕ್ಕೆ ತಳ್ಳಲು ನೀರು ಬರುವ ದಿಕ್ಕಿನಲ್ಲಿ ಗಟ್ಟಿ ಕಂಬ ಇರುತ್ತದೆ. ಆದರೂ 2022ರ ಫೆಬ್ರವರಿಯ ನೆರೆಯಲ್ಲಿ ಸೇವೆ ನಿಲ್ಲಲೇಬೇಕಾಯಿತು. ನೀರು ಇಳಿದ ಕೂಡಲೇ ಬೋಟು ಬಿಡುವುದಿಲ್ಲ; ಹೊಳೆಯಲ್ಲಿ ಮುಳುಗಿರುವ ಕಸಕಡ್ಡಿ, ದಿಮ್ಮಿ ತೆಗೆದು, ಕಟ್ಟೆಗಳನ್ನು ಪರೀಕ್ಷಿಸಿದ ಮೇಲೆಯೇ. ಅಂಥ ದಿನಗಳಲ್ಲಿ ಬಂದವರು ಇಲ್ಲಿಯ ಸಾರಿಗೆ ಸಂಸ್ಥೆ ಟ್ರಾನ್ಸ್‌ಲಿಂಕ್‌ನ ಆ್ಯಪ್ ನೋಡಿ ಬಸ್ಸು ಹಿಡಿಯಲಿ, ಕಾರ್ಡು ಅದೇ ನಡೆಯುತ್ತದೆ.